ಕುರುಬ ಯಾರ ಹೊಟ್ಟೆ ತುಂಬಿಸುತ್ತಾನೆ?

ಸುಳ್ಳು ಬೋಧಕರ ವಿಷಯವಾಗಿ ಸತ್ಯವೇದ (ಬೈಬಲ್) ಓದೋಣ ಎಂದು ನಮ್ಮ ಮನೆ ಕೂಟದ ಹೆಂಗಸರೇ ಕೇಳಿದರು. ಅದಕ್ಕೆ ಕಾರಣವಿತ್ತು. ಹೊರಗಿನಿಂದ ಬಂದ ಬೋಧಕನೊಬ್ಬ, ವಿಶೇಷ ಕಾಣಿಕೆ ಕೊಟ್ಟರೆ ಮಗನ ಕಾಯಿಲೆ ವಾಸಿಯಾಗುತ್ತೆ ಅಂತ ಹೇಳಿ ನಮ್ಮಲ್ಲೊಬ್ಬರ ಕಿವಿಯೋಲೆ ಬಿಚ್ಚಿಸಿಕೊಂಡು ಹೋಗಿದ್ದ. ಎಲ್ಲರಿಗೂ ಸಿಟ್ಟಿತ್ತು, ನನಗೂ.

ಇಂಥ ಪಾಠಕ್ಕೆ ಸಾಮಾನ್ಯವಾಗಿ ಮತ್ತಾಯ 7ನೇ ಅಧ್ಯಾಯ ತೆರೆಯುತ್ತಾರೆ. ಕುರಿವೇಷದ ತೋಳಗಳ ಮಾತು ಅಲ್ಲಿದೆ. ನಾನು ಬೇಕಂತಲೇ ಅದನ್ನು ಬದಿಗಿಟ್ಟೆ. ಅದನ್ನು ಓದಿದ ಕೂಡಲೇ ನಮ್ಮ ಕಣ್ಣು ಪಕ್ಕದ ಸಭೆಯ ಮೇಲೆ ಹೋಗುತ್ತದೆ. ಯೆಹೆಜ್ಕೇಲ 34ರಿಂದ ಶುರು ಮಾಡಿದೆ.

ಪ್ರವಾದಿ ಯೆಹೆಜ್ಕೇಲ ಕ್ರಿ.ಪೂ. 597ರಲ್ಲಿ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದವರಲ್ಲಿ ಒಬ್ಬ. ಯೆರೂಸಲೇಮ್ ಬಿದ್ದ ಸುದ್ದಿ 33ನೇ ಅಧ್ಯಾಯದಲ್ಲಿ ಬರುತ್ತದೆ. ಮರು ಅಧ್ಯಾಯದಲ್ಲೇ ದೇವರು ಕುರುಬರನ್ನು, ಅಂದರೆ ಜನರನ್ನು ಆಳಿದವರನ್ನು, ತರಾಟೆಗೆ ತೆಗೆದುಕೊಳ್ಳುತ್ತಾನೆ. ಕೊಬ್ಬು ತಿಂದಿರಿ, ಉಣ್ಣೆ ಹೊದ್ದಿರಿ, ಕುರಿಗಳನ್ನು ಮಾತ್ರ ಮೇಯಿಸಲಿಲ್ಲ. ಬಲವಿಲ್ಲದ್ದನ್ನು ಬಲಪಡಿಸಲಿಲ್ಲ, ರೋಗದ್ದನ್ನು ವಾಸಿ ಮಾಡಲಿಲ್ಲ, ಮುರಿದದ್ದನ್ನು ಕಟ್ಟಲಿಲ್ಲ, ದಾರಿ ತಪ್ಪಿದ್ದನ್ನು ಕರೆತರಲಿಲ್ಲ, ಕಳೆದುಹೋದದ್ದನ್ನು ಹುಡುಕಲಿಲ್ಲ. ಈ ಐದನ್ನೂ ಎಲ್ಲರ ಕೈಲಿ ಬರೆಸಿದೆ. ಗಮನಿಸಿ, ಇಲ್ಲಿ ಯಾರ ಬೋಧನೆ ಚೆನ್ನಾಗಿತ್ತು, ಯಾರ ಸಭೆ ದೊಡ್ಡದಿತ್ತು ಎಂಬ ಲೆಕ್ಕವೇ ಇಲ್ಲ.

ಆಮೇಲೆ 1 ಸಮುವೇಲ 2ರಲ್ಲಿರುವ, ಯಾಜಕ ಏಲಿಯ ಮಕ್ಕಳ ಕಥೆಗೆ ಹೋದೆವು. ಅವರೂ ಯಾಜಕರೇ. ಶೀಲೋವಿನಲ್ಲಿ ಯಜ್ಞದ ಮಾಂಸ ಬೇಯುತ್ತಿರುವಾಗಲೇ ಯಾಜಕನ ಆಳು ಮೂರು ಮುಳ್ಳಿನ ಕೊಂಡಿ ಹಿಡಿದು ಬರುತ್ತಾನೆ. ಪಾತ್ರೆಗೆ ಚುಚ್ಚಿ, ಬಂದದ್ದೆಲ್ಲ ಯಾಜಕನಿಗೆ. ಕೊಬ್ಬು ದೇವರಿಗೆ ಅರ್ಪಣೆಯಾಗುವ ಮೊದಲೇ ಹಸಿ ಮಾಂಸ ಕೊಡು, ಇಲ್ಲದಿದ್ದರೆ ಬಲವಂತವಾಗಿ ತಗೊಳ್ತೀನಿ ಎನ್ನುತ್ತಾನೆ. ಕಿವಿಯೋಲೆ ಕಳೆದುಕೊಂಡವರು ಇಲ್ಲಿ ಅತ್ತುಬಿಟ್ಟರು. ಓದು ನಿಲ್ಲಿಸಿ ಪ್ರಾರ್ಥನೆ ಮಾಡಿದೆವು. ಅದೇ ಸಮುವೇಲನ ಪುಸ್ತಕದ 12ನೇ ಅಧ್ಯಾಯದಲ್ಲಿ, ಮುದುಕನಾದ ಪ್ರವಾದಿ ಸಮುವೇಲ ಇಡೀ ಜನರ ಮುಂದೆ ನಿಂತು ಕೇಳುತ್ತಾನೆ: ನಾನು ಯಾರ ಎತ್ತನ್ನು ತೆಗೆದುಕೊಂಡೆ? ಯಾರ ಕತ್ತೆಯನ್ನು? ಎರಡನ್ನೂ ಒಟ್ಟಿಗೆ ಓದಿದರೆ ವಿವರಣೆಯೇ ಬೇಡ.

"ಅಕ್ಕಾ, ಹಾಗಾದ್ರೆ ಪಾಸ್ಟರ್ ಸಂಬಳ ತಗೊಳ್ಳೋದೂ ತಪ್ಪಾ?" ಎಂದು ಒಬ್ಬ ಹುಡುಗ ಕೇಳಿದ. ತಪ್ಪಲ್ಲ. ದುಡಿಯುವವನು ಕೂಲಿಗೆ ಯೋಗ್ಯನು ಎಂದು 1 ತಿಮೊಥೆಯ 5ರಲ್ಲಿ ಅಪೊಸ್ತಲ ಪೌಲನೇ ಬರೆದಿದ್ದಾನೆ. ಎಫೆಸದ ಸಭೆಯ ಹಿರಿಯರಿಗೆ ಮಿಲೇತ ಊರಿನಲ್ಲಿ ವಿದಾಯ ಹೇಳುವಾಗ, ಯಾರ ಬೆಳ್ಳಿಬಂಗಾರಕ್ಕೂ ಆಸೆಪಡಲಿಲ್ಲ, ಈ ನನ್ನ ಕೈಗಳೇ ದುಡಿದವು ಎಂದವನೂ ಅವನೇ. ಕೂಲಿ ಬೇರೆ, ಕೊಂಡಿ ಬೇರೆ.

ಯೋಹಾನ 10ನ್ನು 9ರ ಜೊತೆ ಸೇರಿಸಿಯೇ ಓದಿಸಬೇಕು ಅನ್ನುವುದು ನನ್ನ ಹಟ. ಹುಟ್ಟುಕುರುಡನಿಗೆ ಕಣ್ಣು ಬಂತು. ಯೇಸುವಿನ ಪರವಾಗಿ ಮಾತಾಡಿದ್ದಕ್ಕೆ ಧರ್ಮದ ಮುಖಂಡರು ಅವನನ್ನು ಹೊರಗೆ ಹಾಕಿದರು. ಯೇಸು ಆ ಸುದ್ದಿ ಕೇಳಿ, ಅವನನ್ನು ಹುಡುಕಿ ಕಂಡ. ಇದಾದ ಮೇಲೆ "ನಾನೇ ಒಳ್ಳೆಯ ಕುರುಬನು" ಎಂಬ ಮಾತು ಬರುತ್ತದೆ. ಯೆಹೆಜ್ಕೇಲನ ಪಟ್ಟಿಯ ಐದನೆಯ ಕೆಲಸ ಕಣ್ಣೆದುರಿಗೆ ನಡೆದಿರುತ್ತದೆ, ಅಲ್ವಾ?

ಕೊನೆಗೆ ಮತ್ತೆ ಯೆಹೆಜ್ಕೇಲ 34ಕ್ಕೆ ಬಂದು 17ನೇ ವಚನದಿಂದ ಓದಿದೆವು. ಈ ಭಾಗ ಬಿಡಬಾರದು. ಕೊಬ್ಬಿದ ಕುರಿಗಳು ಮೇವು ತುಳಿಯುತ್ತವೆ, ನೀರು ಕದಡುತ್ತವೆ, ಬಡ ಕುರಿಗಳನ್ನು ಹೆಗಲಿನಿಂದ ತಳ್ಳುತ್ತವೆ. ದೇವರು ಕುರಿಕುರಿಗಳ ನಡುವೆಯೂ ನ್ಯಾಯ ತೀರಿಸುತ್ತಾನೆ. ಕೂಟ ಬಿಟ್ಟವರು ಯಾರು, ಏಕೆ ಬಿಟ್ಟರು ಎಂಬ ಮಾತು ತಾನಾಗಿಯೇ ಎದ್ದಿತು. ನಮ್ಮ ಮಾತಿಗೆ ನೊಂದು ದೂರವಾದವರ ಹೆಸರುಗಳೂ ಬಂದವು. ಇಬ್ಬಿಬ್ಬರಾಗಿ ಅವರ ಮನೆಗಳಿಗೆ ಹೋಗೋದೆಂದು ಅಲ್ಲೇ ತೀರ್ಮಾನವಾಯಿತು. ಈಗ ಹೋಗುತ್ತಿದ್ದೇವೆ.