ಗ್ರೀನ್ ಕಾರ್ಡ್ ಇರುವವರು ಬೆಂಗಳೂರಿನಲ್ಲಿ ತಿಂಗಳುಗಟ್ಟಲೆ ಉಳಿಯುವ ಮುನ್ನ

ಕಾರ್ಡ್ ಉಳಿಸಿಕೊಳ್ಳುವ ಲೆಕ್ಕ ಬೇರೆ, ಅಮೆರಿಕದ ಸಿಟಿಜನ್‌ಶಿಪ್‌ಗೆ ಅರ್ಹತೆ ಉಳಿಸಿಕೊಳ್ಳುವ ಲೆಕ್ಕ ಬೇರೆ. ರಜೆಗೆಂದು ಮಲ್ಲೇಶ್ವರಕ್ಕೋ ಜಯನಗರಕ್ಕೋ ಬಂದು, ಅಪ್ಪನ ಆಪರೇಷನ್, ತಂಗಿಯ ಬಾಣಂತನ, ಸೈಟಿನ ಇ-ಖಾತಾ ಅಂತ ಒಂದಾದ ಮೇಲೊಂದು ಕೆಲಸ ಹತ್ತಿಕೊಂಡು ಟಿಕೆಟ್ ಮುಂದೂಡುತ್ತಾ ಹೋಗುವವರಲ್ಲಿ ಬಹುಪಾಲು ಜನ ಮೊದಲನೆಯದನ್ನಷ್ಟೇ ನೋಡಿಕೊಂಡಿರುತ್ತಾರೆ.

ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕ 5 ವರ್ಷಕ್ಕೆ ಎನ್-400, ಅಂದರೆ ಸಿಟಿಜನ್‌ಶಿಪ್ ಕೋರುವ ಅರ್ಜಿ, ಹಾಕಬಹುದು. ಅಮೆರಿಕನ್ ಸಿಟಿಜನ್‌ ಒಬ್ಬರನ್ನು ಮದುವೆಯಾಗಿ ಅವರ ಜೊತೆ ಸಂಸಾರ ಮಾಡುತ್ತಿರುವವರಿಗೆ 3 ವರ್ಷ ಸಾಕು. ಅರ್ಜಿಯನ್ನು 90 ದಿನ ಮುಂಚೆಯೇ ಹಾಕಲು ಅವಕಾಶವಿದೆ. ಆ 5 ವರ್ಷದಲ್ಲಿ ಕನಿಷ್ಠ 30 ತಿಂಗಳು, ಅಂದರೆ 913 ದಿನ, ನೀವು ಅಮೆರಿಕದ ನೆಲದಲ್ಲಿರಬೇಕು. ಇದು ಬರೀ ಕೂಡುವ ಕಳೆಯುವ ಕೆಲಸ. ಹೊರಟ ದಿನ, ವಾಪಸ್ ಇಳಿದ ದಿನ ಎರಡೂ ನಿಮ್ಮ ಕಡೆಗೇ ಸೇರುತ್ತವೆ.

ಜನ ಎಡವುವುದು ಇನ್ನೊಂದು ಷರತ್ತಿನಲ್ಲಿ, ನಿರಂತರ ವಾಸದಲ್ಲಿ, ಅಂದರೆ ಅಷ್ಟೂ ಕಾಲ ಅಮೆರಿಕವೇ ನಿಮ್ಮ ಮನೆಯಾಗಿ ಉಳಿದಿರಬೇಕು ಅನ್ನುವುದರಲ್ಲಿ. ಒಂದೇ ಸಲಕ್ಕೆ 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ವಾಸ ತುಂಡಾಯಿತೆಂದೇ ಅರ್ಜಿ ನೋಡುವ ಅಧಿಕಾರಿ ಭಾವಿಸುತ್ತಾರೆ. ಇಲ್ಲ ಅಂತ ಸಾಬೀತು ಮಾಡುವ ಹೊಣೆ ನಿಮ್ಮದು. ಒಂದು ವರ್ಷ ಮುಟ್ಟಿದರೆ ವಾದಕ್ಕೂ ಜಾಗವಿಲ್ಲ, ತುಂಡಾಯಿತು ಅಷ್ಟೇ. ಆರು ತಿಂಗಳೊಳಗಿನ ಪ್ರವಾಸಗಳಿಗೆ ಈ ತೊಡಕಿಲ್ಲ. ಹಾಗಂತ ಐದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ ಅಂತ ಓಡಾಡಿದರೆ ನಿಮ್ಮ ನಿಜವಾದ ಮನೆ ಯಾವುದು ಅಂತ ಕೇಳಿಯೇ ಕೇಳುತ್ತಾರೆ, ಕೇಳುವುದೂ ಸರಿಯೇ.

ಎಂಟು ತಿಂಗಳು ಆಗಿಹೋಯಿತು ಅನ್ನಿ. ಆಗ ಅವರು ನೋಡುವುದು ಇಷ್ಟು: ಅಲ್ಲಿನ ಕೆಲಸ ಬಿಟ್ಟಿರಾ, ಹೆಂಡತಿ-ಮಕ್ಕಳು ಅಲ್ಲೇ ಇದ್ದರಾ, ಮನೆ ನಿಮ್ಮ ಕೈಯಲ್ಲೇ ಇತ್ತಾ ಅಥವಾ ಬಾಡಿಗೆಗೆ ಕೊಟ್ಟಿರಾ, ಇಲ್ಲಿ ಹೊಸ ಕೆಲಸಕ್ಕೆ ಸೇರಿದಿರಾ. ಅಪ್ಪನ ಡಿಸ್‌ಚಾರ್ಜ್ ಸಮರಿ ತೋರಿಸಿದರೆ ಯಾಕೆ ಹೋದಿರಿ ಅನ್ನುವುದು ತಿಳಿಯುತ್ತದೆ. ಆದರೆ ಅದರ ಜೊತೆಗೆ ಲೀಸ್, ಸಂಬಳದ ಚೀಟಿ, ಮಕ್ಕಳ ಶಾಲೆಯ ದಾಖಲೆ, ಟ್ಯಾಕ್ಸ್ ರಿಟರ್ನ್ ಇದ್ದರೇ ಮಾತಿಗೆ ತೂಕ. ದುಡ್ಡು ಉಳಿಯುತ್ತದೆ ಅಂತ ಯಾರೋ ಹೇಳಿದರೆಂದು ಅಮೆರಿಕದ ಟ್ಯಾಕ್ಸನ್ನು ನಾನ್-ರೆಸಿಡೆಂಟ್ ಅಂತ ಫೈಲ್ ಮಾಡಬೇಡಿ. ಹಾಗೆ ಮಾಡಿದರೆ ನಾನು ಅಲ್ಲಿಯವನಲ್ಲ ಅಂತ ನೀವೇ ಬರೆದುಕೊಟ್ಟ ಹಾಗೆ, ಕಾರ್ಡಿಗೂ ಅದರಿಂದ ಕುತ್ತು.

ಇನ್ನು ರೀ-ಎಂಟ್ರಿ ಪರ್ಮಿಟ್, ಅಂದರೆ ಬಹುಕಾಲ ಹೊರಗಿದ್ದು ವಾಪಸಾಗಲು ಮುಂಚೆಯೇ ಪಡೆಯುವ ಅನುಮತಿ ಪತ್ರ. ಇದನ್ನು ಸರ್ವರೋಗಕ್ಕೂ ಮದ್ದು ಅಂದುಕೊಂಡವರು ಬಹಳ ಮಂದಿ. ಸಾಮಾನ್ಯವಾಗಿ 2 ವರ್ಷದವರೆಗೆ ಸಿಗುವ ಈ ಪತ್ರ ಗ್ರೀನ್ ಕಾರ್ಡಿಗೆ ಆಸರೆಯಾಗುತ್ತದೆ, ಸಿಟಿಜನ್‌ಶಿಪ್‌ನ ನಿರಂತರ ವಾಸವನ್ನು ಕಾಯುವುದಿಲ್ಲ. ಇದಕ್ಕಾಗಿ ಐ-131 ಅರ್ಜಿ ಹಾಕುವಾಗ ನೀವು ಅಮೆರಿಕದಲ್ಲೇ ಇರಬೇಕು. ಬಸವನಗುಡಿಯಲ್ಲಿ ಕೂತು ನೆನಪಾದರೆ ತಡವಾಯಿತು.

ವಾಸವನ್ನು ಕಾಯಬಲ್ಲ ಅರ್ಜಿ ಎನ್-470, ಆದರೆ ಅದು ಎಲ್ಲರಿಗೂ ಅಲ್ಲ. ಅಮೆರಿಕದ ಸರ್ಕಾರ, ಮಾನ್ಯತೆ ಪಡೆದ ಸಂಶೋಧನಾ ಸಂಸ್ಥೆ, ವಿದೇಶಿ ವ್ಯಾಪಾರ ಬೆಳೆಸುವ ಅಮೆರಿಕನ್ ಕಂಪನಿ, ಇಂಥವು ಕೆಲಸದ ಮೇಲೆ ಹೊರಗೆ ಕಳಿಸಿದವರಿಗೆ ಮಾತ್ರ. ಕಂಪನಿಯೇ ನಿಮ್ಮನ್ನು ವೈಟ್‌ಫೀಲ್ಡ್ ಆಫೀಸಿಗೆ ವರ್ಗ ಮಾಡುತ್ತಿದ್ದರೆ ವಕೀಲರನ್ನು ಕೇಳಿ ನೋಡಿ. ಮ್ಯಾನೇಜರ್ ಒಪ್ಪಿದರು, ಅಮ್ಮನ ಮನೆಯಿಂದಲೇ ಲಾಗಿನ್ ಆಗುತ್ತೇನೆ ಅನ್ನುವುದಕ್ಕೆ ಇದು ಒದಗುವುದಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಒಂದು ವರ್ಷ ಎಲ್ಲೂ ಹೋಗದೆ ಅಮೆರಿಕದಲ್ಲಿದ್ದಿರಬೇಕು, ಹೊರಗೆ ಒಂದು ವರ್ಷ ತುಂಬುವ ಮೊದಲೇ ಅರ್ಜಿ ಹಾಕಿರಬೇಕು. ಖಾಸಗಿ ಕಂಪನಿಯವರಿಗೆ ಆ 30 ತಿಂಗಳ ಲೆಕ್ಕದಲ್ಲಿ ಇದರಿಂದ ರಿಯಾಯಿತಿಯೂ ಇಲ್ಲ.

ವಾಸ ತುಂಡಾದರೆ ಮತ್ತೆ ಪೂರ್ತಿ 5 ವರ್ಷ ಕಾಯಬೇಕಿಲ್ಲ. ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚು ಹೊರಗಿದ್ದು ಬಂದವರು ವಾಪಸಾದ 4 ವರ್ಷ 1 ದಿನಕ್ಕೆ ಅರ್ಜಿ ಹಾಕಬಹುದು. ಹಾಗೆ ಹಾಕಿದರೂ ಹಿಂದಿನ 5 ವರ್ಷದೊಳಗೆ ಆರು ತಿಂಗಳಿಗೂ ಮೀರಿದ ಗೈರು ಉಳಿದೇ ಇರುವುದರಿಂದ ಅದೇ ಪ್ರಶ್ನೆ ಮತ್ತೆ ಏಳುತ್ತದೆ. 4 ವರ್ಷ 6 ತಿಂಗಳು ಕಳೆದ ಮೇಲೆ ಹಾಕಿದರೆ ಆ ಪ್ರಶ್ನೆಯೂ ಏಳುವುದಿಲ್ಲ. ಅವಸರವಿಲ್ಲದವರಿಗೆ ನಾನು ಹೇಳುವುದು ಎರಡನೆಯ ದಾರಿ.

ಎನ್-400 ಹಾಕಿದ ಮೇಲೆ ನಿರಾಳವಾಗಿ ಬಂದು ಮನೆ ಕಟ್ಟಿಸಬಹುದು ಎಂದುಕೊಂಡವರೂ ಇದ್ದಾರೆ. ಸಿಟಿಜನ್ ಆಗುವಾಗಿನ ಪ್ರಮಾಣವಚನ ಮುಗಿಯುವವರೆಗೂ ನಿರಂತರ ವಾಸದ ಷರತ್ತು ಜಾರಿಯಲ್ಲಿರುತ್ತದೆ. ಗೃಹಪ್ರವೇಶದ ಮುಹೂರ್ತವನ್ನು ಅದರ ಆಚೆಗೇ ಇಡಿಸಿ.