ಪಕ್ಕದ ಗುಡ್ಡದ ನೀರು ತೋಟಕ್ಕೆ ನುಗ್ಗಿದಾಗ ನಾನು ಮಾಡಿದ್ದು

ಮೇಲಿನ ಜಮೀನಿನ ಮಳೆನೀರು ಕೆಳಗಿನ ಜಮೀನಿಗೆ ಬರಲೇಬಾರದು ಅಂತ ಯಾವ ಕಾನೂನೂ ಹೇಳುವುದಿಲ್ಲ. ಇದು ನನಗೆ ಗೊತ್ತಾಗಿದ್ದು ವಕೀಲರ ಎದುರು ಕೂತ ಮೇಲೆ. ಅಲ್ಲಿಯವರೆಗೆ ಊರೆಲ್ಲ ಒಂದೇ ಮಾತು ಹೇಳಿಕೊಂಡು ತಿರುಗಿದ್ದೆ: 'ಅವರ ನೀರು ನಮ್ಮ ತೋಟಕ್ಕೆ ಬಂದಿದೆ, ನಷ್ಟ ಅವರೇ ಕಟ್ಟಿಕೊಡಬೇಕು.'

ನಮ್ಮದು ತೀರ್ಥಹಳ್ಳಿ ತಾಲ್ಲೂಕು. ಎರಡು ಗುಡ್ಡದ ನಡುವೆ ಒಂದೂವರೆ ಎಕರೆ ಅಡಿಕೆ ತೋಟ. ತೋಟದ ಅಂಚಿಗೆ ಎತ್ತರದ ಧರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. ಧರೆಯ ಮೇಲೆ ಪಕ್ಕದವರ ಎರಡು ಎಕರೆ. ಅಪ್ಪನ ಕಾಲದಿಂದಲೂ ಅಲ್ಲಿ ಕುರುಚಲು ಗಿಡ, ನಾಲ್ಕಾರು ಮತ್ತಿ ಮರ, ಎರಡು ನೇರಳೆ. ಮಳೆಗಾಲದಲ್ಲಿ ಅಲ್ಲಿಂದ ನೀರು ಬರುತ್ತಿತ್ತು. ಆದರೆ ಒಂದೇ ಕಡೆಯಿಂದ ಅಲ್ಲ. ಧರೆಯ ಉದ್ದಕ್ಕೂ ಒಸರಿಕೊಂಡು, ಹುಲ್ಲಿನ ಸಂದಿಯಲ್ಲಿ ಇಳಿದು ನಮ್ಮ ಕಪ್ಪಿಗೆ ಸೇರುತ್ತಿತ್ತು. ಕಪ್ಪು ಅಂದರೆ ಅಡಿಕೆ ಸಾಲಿನ ನಡುವೆ ತೆಗೆಯುವ ಬಸಿಗಾಲುವೆ, ಬಯಲುಸೀಮೆಯವರಿಗೆ ಗೊತ್ತಿರಲಿ ಅಂತ ಹೇಳಿದೆ.

ಒಂದು ಬೇಸಿಗೆಯಲ್ಲಿ ಅವರು ಜೆಸಿಬಿ ತಂದರು. ಹತ್ತು ದಿನದಲ್ಲಿ ಗುಡ್ಡ ಮೂರು ಮಟ್ಟ ಆಯಿತು. ಹೊಸ ಅಡಿಕೆ ಸಸಿ ಹಾಕುವ ಯೋಚನೆ ಅವರದ್ದು. ಸಸಿಯ ಬುಡದಲ್ಲಿ ನೀರು ನಿಲ್ಲಬಾರದಲ್ಲ? ಹಾಗಾಗಿ ಮೂರೂ ಮಟ್ಟದ ನೀರನ್ನು ಒಂದೇ ಚರಂಡಿಗೆ ಕೂಡಿಸಿದರು. ಆ ಚರಂಡಿಯ ಬಾಯಿ ಬಂದು ನಿಂತಿದ್ದು ನಮ್ಮ ಧರೆಯ ನೆತ್ತಿಯ ಮೇಲೆ. ನಾನು ನೋಡಿದ್ದೆ. ಏನೂ ಹೇಳಲಿಲ್ಲ. ದಿನಾ ಮುಖ ನೋಡುವವರು, ಸುಮ್ನೆ ಯಾಕೆ ಅಂತ.

ಮೃಗಶಿರ ಮಳೆಗೆ ಕಪ್ಪಿನಲ್ಲಿ ಕೆಂಪು ನೀರು ಕಂಡಿತು. ಆರಿದ್ರಾಕ್ಕೆ ಧರೆಯ ಮೇಲೆ ಬಿರುಕು. ಪುಷ್ಯ ಮಳೆಯ ಒಂದು ರಾತ್ರಿ ಲಾರಿಯಿಂದ ಜಲ್ಲಿ ಸುರಿದಂಥ ಸದ್ದಾಯಿತು. ಬೆಳಿಗ್ಗೆ ಹೋಗಿ ನೋಡಿದರೆ ಇಪ್ಪತ್ತು ಅಡಿ ಉದ್ದಕ್ಕೆ ಧರೆಯೇ ಇಲ್ಲ. 11 ಮರ ಬುಡಸಮೇತ ಮಲಗಿದ್ದವು. ಇನ್ನು 23 ಮರದ ಬುಡಕ್ಕೆ ಎರಡು ಅಡಿ ಮಣ್ಣು ಕೂತಿತ್ತು. ಬಾವಿಯ ನೀರು ಚಹಾದ ಬಣ್ಣ.

ಎಷ್ಟು ನೀರು ಅಂತ ಆಮೇಲೆ ಲೆಕ್ಕ ಹಾಕಿದೆ. ಸುಲಭದ ಲೆಕ್ಕ. ಒಂದು ಮಿ.ಮೀ. ಮಳೆ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಒಂದು ಎಕರೆ ಸುಮಾರು 4,047 ಚದರ ಮೀಟರ್. ನಮ್ಮ ಕಡೆ ದಿನಕ್ಕೆ 100 ಮಿ.ಮೀ. ಬರುವುದು ದೊಡ್ಡ ಸುದ್ದಿಯೇನಲ್ಲ. ಅಷ್ಟು ಬಂದರೆ ಎರಡು ಎಕರೆಗೆ ಎಂಟು ಲಕ್ಷ ಲೀಟರ್ ಬಿತ್ತು. ಎಲ್ಲವೂ ಹರಿಯುವುದಿಲ್ಲ, ಒಂದಷ್ಟು ಇಂಗುತ್ತದೆ. ಆದರೆ ಮರ ಹೋಗಿ, ಜೆಸಿಬಿ ತುಳಿದು ಗಟ್ಟಿಯಾದ ಬೋಳು ಮಣ್ಣು ಎಷ್ಟು ಕುಡಿದೀತು? ಅರ್ಧ ಹರಿಯಿತು ಅಂದುಕೊಂಡರೂ 10,000 ಲೀಟರಿನ 40 ಟ್ಯಾಂಕರ್ ನೀರು ಒಂದೇ ಬಾಯಿಂದ ಧರೆಯ ಮೇಲೆ ಬಿದ್ದ ಹಾಗಾಯಿತು.

ಅದೇ ಬೆಳಿಗ್ಗೆ ಅವರ ಮನೆಗೆ ಹೋದೆ. ನನಗಿಂತ ಹಿರಿಯರು.

'ಅಣ್ಣಾ, ನಿಮ್ಮ ಚರಂಡಿ ನೀರು ನಮ್ಮ ಧರೆ ತಿಂದು ಹಾಕಿದೆ. ಒಂದ್ಸಲ ಬಂದು ನೋಡಿ.'

'ಮಳೆ ನೀರು ಮಾರಾಯಾ. ನಾನೇನು ಮೋಟಾರ್ ಹಾಕಿ ಬಿಟ್ಟಿದ್ದೀನಾ? ನೀರು ಕೆಳಗೆ ಹರೀದೆ ಮೇಲೆ ಹರೀತದಾ?'

ಸಿಟ್ಟು ನೆತ್ತಿಗೇರಿತು. ಗೊಬ್ಬರದ ಖಾಲಿ ಚೀಲಕ್ಕೆ ಮಣ್ಣು ತುಂಬಿ ಚರಂಡಿ ಬಾಯಿ ಮುಚ್ಚಲು ಹೊರಟೆ. ಹೆಂಡತಿ ಅಡ್ಡ ನಿಂತಳು. ಅವಳು ತಡೆದಿದ್ದು ಜಗಳ ಬೇಡ ಅಂತ. ಅದರಿಂದ ಬಚಾವಾಗಿದ್ದು ನನ್ನ ಕೇಸು. 'ನೀವು ಬಾಯಿ ಕಟ್ಟಿ, ಆ ನೀರು ತಿರುಗಿ ಅವರ ಸಸಿ ಕೊಳೆತಿದ್ದರೆ ಪ್ರತಿವಾದಿ ನೀವಾಗ್ತಿದ್ರಿ' ಅಂತ ವಕೀಲರು ಆಮೇಲೆ ನಕ್ಕರು.

ಆ ವಾರ ಎರಡು ಕಡೆ ಸುಮ್ನೆ ಅಲೆದೆ. ಪೊಲೀಸ್ ಠಾಣೆಯಲ್ಲಿ 'ಇದು ಸಿವಿಲ್' ಅಂದರು. ಅವರು ಹೇಳಿದ್ದು ಸರಿಯೇ. ಸಾರ್ವಜನಿಕರಿಗೆ ತೊಂದರೆಯಾದರೆ, ಅಂದರೆ ನೀರು ರಸ್ತೆಯನ್ನೋ ಊರಿನ ಬಾವಿಯನ್ನೋ ಹಾಳು ಮಾಡಿದರೆ, ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಅದು ಮೊದಲು ಸಿಆರ್‌ಪಿಸಿ (ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ) ಸೆಕ್ಷನ್ 133, 2024ರ ಜುಲೈನಿಂದ ಅದರ ಬದಲಿಗೆ ಬಂದ ಬಿಎನ್‌ಎಸ್‌ಎಸ್ 152. ಇಬ್ಬರು ಖಾಸಗಿಯವರ ನಡುವಿನ ನೀರಿಗೆ ಅದು ಬರುವುದಿಲ್ಲ. ಇನ್ನೊಂದು ಕಡೆ ತಾಲ್ಲೂಕು ಕಚೇರಿ. ಅಲ್ಲಿ ಮಳೆ ಹಾನಿ ಪರಿಹಾರಕ್ಕೆ ಅರ್ಜಿ ಕೊಟ್ಟೆ. ಆ ಅರ್ಜಿಯಲ್ಲಿ ಎಲ್ಲರೂ ಬರೆಯುವ ಹಾಗೆ ನಾನೂ ಬರೆದೆ: 'ಅತಿವೃಷ್ಟಿಯಿಂದ ಧರೆ ಕುಸಿದು ಅಡಿಕೆ ಮರಗಳು ನಾಶವಾಗಿವೆ.'

ಈ ಒಂದು ಸಾಲು ನನ್ನನ್ನು ವರ್ಷವಿಡೀ ಕಾಡಿತು. ಪ್ರತಿವಾದಿ ವಕೀಲರು ಅರ್ಜಿಯ ನಕಲು ತೆಗೆಸಿ ಕೋರ್ಟಿಗೆ ಹಾಕಿದರು. 'ಅತಿವೃಷ್ಟಿ ಅಂತ ವಾದಿಯೇ ಒಪ್ಪಿದ್ದಾರೆ, ದೇವರು ಮಾಡಿದ್ದಕ್ಕೆ ನಮ್ಮ ಕಕ್ಷಿದಾರರು ಹೇಗೆ ಹೊಣೆ?' ಅಂತ. ನೀವು ಪರಿಹಾರಕ್ಕೆ ಅರ್ಜಿ ಹಾಕುವುದಿದ್ದರೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ನಡೆದಿದ್ದನ್ನು ನಡೆದ ಹಾಗೇ ಬರೆಯಿರಿ. 'ಮೇಲಿನ ಸರ್ವೆ ನಂಬರಿನಲ್ಲಿ ಹೊಸದಾಗಿ ತೆಗೆದ ಚರಂಡಿಯ ನೀರು ಬಿದ್ದು' ಅಂತ ಐದಾರು ಪದ ಸೇರಿಸಿದ್ದರೆ ನನಗೆ ಆ ತಲೆನೋವು ಇರುತ್ತಿರಲಿಲ್ಲ.

ಇನ್ನು ಕಾನೂನು. ನಮ್ಮ ವಕೀಲರು ಮೊದಲ ದಿನವೇ 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಒಬ್ಬರ ಜಮೀನಿನ ಮೇಲೆ ಪಕ್ಕದವರಿಗಿರುವ ದಾರಿ, ನೀರು ಇಂಥ ಹಕ್ಕುಗಳ ಕಾಯ್ದೆ, ತೆಗೆದು 7ನೇ ಸೆಕ್ಷನ್ ತೋರಿಸಿದರು. ಅದರ ಕೆಳಗಿನ ಒಂದು ಉದಾಹರಣೆಯ ಅರ್ಥ ಇಷ್ಟು: ಮೇಲಿನ ಜಮೀನಿನಲ್ಲಿ ಹುಟ್ಟುವ ಅಥವಾ ಬೀಳುವ ನೀರು, ಗೊತ್ತಾದ ಕಾಲುವೆಯಲ್ಲಿ ಹರಿಯದೆ ಸಹಜವಾಗಿ ಕೆಳಗೆ ಬರುತ್ತಿದ್ದರೆ, ಕೆಳಗಿನವನು ಅದಕ್ಕೆ ಅವಕಾಶ ಕೊಡಬೇಕು. ಓದಿ ನನ್ನ ಮುಖ ಸಪ್ಪೆಯಾಯಿತು. ಪಕ್ಕದವರು ಹೇಳಿದ್ದೇ ಸರಿ ಅಂತಾಯ್ತಲ್ಲ!

'ಆ "ಸಹಜವಾಗಿ" ಅನ್ನೋ ಪದ ಹಿಡ್ಕೊಳ್ಳಿ' ಅಂದರು ಅವರು. ಇಡೀ ಕೇಸು ನಿಂತಿದ್ದು ಅಲ್ಲಿಯೇ. ಧರೆಯ ಉದ್ದಕ್ಕೂ ಹರಡಿಕೊಂಡು ಬರುತ್ತಿದ್ದ ನೀರು ಸಹಜ. ಅದೇ ನೀರನ್ನು ಚರಂಡಿಯಲ್ಲಿ ಕೂಡಿಸಿ ಒಂದೇ ಜಾಗಕ್ಕೆ ತಂದು ಸುರಿದರೆ ಅದು ಸಹಜ ಅಲ್ಲ. ಹಾಗಾಗಿ ನೀರು ಬಂತು ಅಂತ ತೋರಿಸಿ ಪ್ರಯೋಜನವಿಲ್ಲ. ಮೊದಲು ಹೇಗೆ ಬರುತ್ತಿತ್ತು, ಈಗ ಹೇಗೆ ಬರುತ್ತಿದೆ, ನಡುವೆ ಬದಲು ಮಾಡಿದ್ದು ಯಾರು, ಇದನ್ನು ತೋರಿಸಬೇಕು. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಆ ಚರಂಡಿ ತಕರಾರಿಲ್ಲದೆ 20 ವರ್ಷ ಹರಿದುಬಿಟ್ಟರೆ ಹಾಗೆ ಹರಿಸುವುದೇ ಅವರ ಹಕ್ಕು ಅಂತ ವಾದ ಮಾಡಬಹುದು. ನಷ್ಟ ಕೇಳಲಿಕ್ಕಂತೂ ಮೂರೇ ವರ್ಷ. ಮುಖ ನೋಡಿಕೊಂಡು ಸುಮ್ಮನಿರುವವರಿಗೆ ಇದು ತಿಳಿದಿರಲಿ.

ಎಲ್ಲೋ ಓದಿಕೊಂಡು ಹೋಗಿದ್ದ ನಾನು ರೈಲ್ಯಾಂಡ್ಸ್ ವರ್ಸಸ್ ಫ್ಲೆಚರ್ ಅಂತ ಶುರು ಮಾಡಿದ್ದೆ. 1868ರ ಇಂಗ್ಲೆಂಡಿನ ತೀರ್ಪು. ಮಿಲ್ ಮಾಲೀಕ ಕಟ್ಟಿಸಿದ ಕೆರೆಯ ನೀರು ಪಕ್ಕದವನ ಕಲ್ಲಿದ್ದಲು ಗಣಿಗೆ ನುಗ್ಗಿತ್ತು. ಮಾಲೀಕನ ನಿರ್ಲಕ್ಷ್ಯ ಇಲ್ಲದಿದ್ದರೂ ಹೊಣೆ ಅವನದೇ ಅಂತ ತೀರ್ಪಾಯಿತು. ನಮ್ಮ ವಕೀಲರು ತಲೆ ಅಲ್ಲಾಡಿಸಿದರು. ಅದು ನೀರನ್ನು ತಂದು ಕೂಡಿಟ್ಟವರ ಮಾತು. ಪಕ್ಕದವರು ಗುಡ್ಡದ ಮೇಲೆ ದೊಡ್ಡ ಹೊಂಡ ಕಟ್ಟಿ, ಅದು ಒಡೆದಿದ್ದರೆ ಆ ದಾರಿ ನೋಡಬಹುದಿತ್ತು. ತಾನಾಗಿ ಬಿದ್ದು ಹರಿದ ಮಳೆಗೆ ಅದನ್ನು ಎಳೆದು ತರುವುದು ಕಷ್ಟ.

ಇನ್ನು ಸಾಕ್ಷಿ ಕೂಡಿಸುವ ಕೆಲಸ. ಇದನ್ನೆಲ್ಲ ನಾನೇ ಮಾಡಿದ್ದು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ.

ಮೊದಲು ಗ್ರಾಮ ನಕ್ಷೆ ತೆಗೆಸಿದೆ. ನಕ್ಷೆಯಲ್ಲಿ ಆ ಜಾಗಕ್ಕೆ ಹಳ್ಳದ ಗುರುತು ಇದೆಯಾ ಅಂತ ನೋಡಬೇಕಿತ್ತು. ಹಳ್ಳ ಇದ್ದರೆ ಅದು ಸರ್ಕಾರದ್ದಾಗುತ್ತದೆ, ಕಥೆಯೇ ಬೇರೆ. ಇರಲಿಲ್ಲ. ಇದರಿಂದ ನಮಗೆ ಲಾಭವೇ ಆಯಿತು. ಆಮೇಲೆ ನಾಡಕಚೇರಿಯಲ್ಲಿ ದುಡ್ಡು ಕಟ್ಟಿ ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಹಾಕಿದೆ. ಕುಸಿದ ಧರೆ ಯಾರ ಸರ್ವೆ ನಂಬರಿನದು ಅನ್ನುವುದೇ ಇತ್ಯರ್ಥ ಆಗದಿದ್ದರೆ ಮುಂದಿನದೆಲ್ಲ ದಂಡ. ಸರ್ವೆಯವರು ಬಂದು ಕಲ್ಲು ತೋರಿಸಿದಾಗ ಗೊತ್ತಾಗಿದ್ದು, ಧರೆಯ ನೆತ್ತಿಯ ಎರಡು ಅಡಿ ಅವರದ್ದು, ಮೈಯೆಲ್ಲ ನಮ್ಮದು.

ಹಳೆಯ ಸ್ಥಿತಿ ತೋರಿಸಲು ಗೂಗಲ್ ಅರ್ತ್ ಬಹಳ ಉಪಯೋಗಕ್ಕೆ ಬಂತು. ಅದರಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡಬಹುದು. ಒಂದರಲ್ಲಿ ಹಸಿರು ಗುಡ್ಡ, ಮುಂದಿನದರಲ್ಲಿ ಕೆಂಪು ಮೆಟ್ಟಿಲು. ಮೊಬೈಲಿನಲ್ಲಿ ತೆಗೆದ ಫೋಟೊ, ವಿಡಿಯೊ ಕೋರ್ಟಿಗೆ ಹೋಗಬೇಕಾದರೆ ಪ್ರಮಾಣಪತ್ರ ಬೇಕು. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು ಸೆಕ್ಷನ್ 65ಬಿ, ಹೊಸ ಸಾಕ್ಷ್ಯ ಅಧಿನಿಯಮದಲ್ಲಿ 63. ಫೋಟೊ ತೆಗೆದ ಮೊಬೈಲನ್ನು ಎಕ್ಸ್‌ಚೇಂಜಿಗೆ ಕೊಟ್ಟುಬಿಡಬೇಡಿ ಮಾರಾಯ್ರೆ.

'ಅತಿವೃಷ್ಟಿ' ವಾದಕ್ಕೆ ಉತ್ತರ ಕೊಟ್ಟಿದ್ದು ಮಳೆಯ ಅಂಕಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ನಮ್ಮ ಪಂಚಾಯಿತಿಯ ಆ ವಾರದ ಮಳೆ ಮತ್ತು ಹಿಂದಿನ ವರ್ಷಗಳ ಅದೇ ದಿನಗಳ ಮಳೆ ಕೇಳಿ ಪಡೆದೆ. ಆ ರಾತ್ರಿಗಿಂತ ಜೋರು ಮಳೆ ಹಿಂದೆ ಎರಡು ಸಲ ಬಂದಿತ್ತು. ಆಗ ಧರೆ ಅಲ್ಲಾಡಿರಲಿಲ್ಲ. ಇಡೀ ಕಡತದಲ್ಲಿ ಇದಕ್ಕಿಂತ ತೂಕದ ಕಾಗದ ಬೇರೆ ಇರಲಿಲ್ಲ ಅಂತ ನನ್ನ ನಂಬಿಕೆ.

ಕೊನೆಯದು ಬಣ್ಣದ ಡಬ್ಬಿ. ಮಣ್ಣು ಎಲ್ಲಿಯವರೆಗೆ ಕೂತಿತ್ತೋ ಅಲ್ಲಿಗೆ ಒಂದೊಂದು ಅಡಿಕೆ ಮರಕ್ಕೂ ಬಿಳಿ ಪಟ್ಟಿ ಹೊಡೆದೆ. ಆಮೇಲೇ ಮಣ್ಣು ಎತ್ತಿಸಿದ್ದು. ನೋಡಿದವರು ಇವನಿಗೇನು ಬೇರೆ ಕೆಲಸ ಇಲ್ವಾ ಅಂದರು.

ನೋಟಿಸ್ ಕೊಟ್ಟೆವು. ಉತ್ತರ ಖಾರವಾಗಿಯೇ ಬಂತು. ದಾವೆಯಲ್ಲಿ ಮೂರು ಕೇಳಿಕೆ: ಚರಂಡಿಯ ಬಾಯಿ ಬದಲಿಸಬೇಕು, ಮುಂದೆ ಹಾಗೆ ಬಿಡಬಾರದು, 1 ಲಕ್ಷ 80 ಸಾವಿರ ನಷ್ಟ ಕೊಡಬೇಕು. ಮೊದಲೆರಡು ಇಂಜಂಕ್ಷನ್, ಅಂದರೆ ಹೀಗೆ ಮಾಡು, ಹೀಗೆ ಮಾಡಬೇಡ ಅನ್ನುವ ಕೋರ್ಟಿನ ಆಜ್ಞೆ. ನಮ್ಮೂರಲ್ಲಿ ಇದಕ್ಕೆ 'ಇಂಜೆಕ್ಷನ್ ತರೋದು' ಅಂತಲೇ ಹೆಸರು. ಜಾಗ ನೋಡಿ ವರದಿ ಕೊಡಲು ಕೋರ್ಟ್ ಕಮಿಷನರ್ ನೇಮಿಸಿ ಅಂತಲೂ ಅರ್ಜಿ ಹಾಕಿದೆವು. ಮಳೆ ಇರುವಾಗಲೇ ಬರಲಿ ಅಂತ ನನ್ನ ಆಸೆ. ಅವರು ಬರುವ ಹೊತ್ತಿಗೆ ದೀಪಾವಳಿ ಕಳೆದಿತ್ತು, ಚರಂಡಿಯಲ್ಲಿ ಒಂದು ಹನಿ ನೀರಿಲ್ಲ. ಆಗ ಕೈ ಹಿಡಿದಿದ್ದು ಆ ಬಿಳಿ ಪಟ್ಟಿಗಳೇ. ಟೇಪು ಹಿಡಿದು ಒಂದೊಂದನ್ನೂ ಅಳೆದು ವರದಿಯಲ್ಲಿ ಬರೆದುಕೊಂಡರು.

ವರದಿ ಬಂದ ಮೇಲೆ ಆ ಕಡೆಯ ದನಿ ಮೆತ್ತಗಾಯಿತು. ಕೇಸು ಲೋಕ ಅದಾಲತ್‌ಗೆ ಹೋಯಿತು. ಅಲ್ಲಿ ಒಪ್ಪಿಕೊಂಡಿದ್ದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಮೇಲೆ ಅಪೀಲಿಲ್ಲ. ಕೋರ್ಟ್ ಫೀಯೂ ವಾಪಸ್ ಬಂತು. ನನಗೆ ಸಿಕ್ಕಿದ್ದು 70 ಸಾವಿರ. ಕಡಿಮೆ ಆಯ್ತು ಅಂತ ಹೇಳಿದವರು ತುಂಬಾ ಜನ. ಇರಬಹುದು. ನನಗೆ ದುಡ್ಡಿಗಿಂತ ಆ ಚರಂಡಿಯ ಬಾಯಿ ಮುಖ್ಯವಾಗಿತ್ತು.

ಒಪ್ಪಂದ ಬರೆಯುವ ಹಿಂದಿನ ದಿನ ಇನ್ನೊಂದು ತಮಾಷೆ ಆಯಿತು. ಪಕ್ಕದವರು ಅವರ ಗಡಿಯುದ್ದಕ್ಕೂ ಅಗಳ ತೆಗೆದು, ನೀರನ್ನು ನಮ್ಮ ತೋಟದ ಮೂಲೆಯಲ್ಲಿ ಪೈಪಿನಿಂದ ಇಳಿಸಿ, ನಮ್ಮ ದೊಡ್ಡ ಕಪ್ಪಿಗೆ ಸೇರಿಸುವುದು ಅಂತ ಮಾತಾಗಿತ್ತು. ಸುದ್ದಿ ನಮಗಿಂತ ಕೆಳಗೆ ಗದ್ದೆ ಮಾಡುವ ಚಿಕ್ಕಪ್ಪನಿಗೆ ಹೋಯಿತು. ಸಂಜೆ ಜಗಲಿಗೆ ಬಂದು ಕವಳ ಹಾಕಿಕೊಂಡು ನಿಧಾನಕ್ಕೆ ಕೇಳಿದರು, 'ಪೈಪಿನ ನೀರೆಲ್ಲ ನಿನ್ನ ಕಪ್ಪಿಂದ ನನ್ನ ಸಸಿಮಡಿಗೆ ಬಂದ್ರೆ ನಾನ್ಯಾರ ಮೇಲೆ ಕೇಸು ಹಾಕ್ಲಿ ತಮ್ಮಾ?' ನನಗೆ ಬಾಯಿ ಬರಲಿಲ್ಲ. ಒಂದೂವರೆ ವರ್ಷ ನಾನು ಕೆಳಗಿನವನಾಗಿಯೇ ಇದ್ದೆ. ಅವರಿಗೆ ನಾನು ಮೇಲಿನವನು.

ಮರುದಿನ ಕರಡು ತಿದ್ದಿಸಿದೆವು. ಅಗಳದ ನೀರು ಪೂರ್ತಿ ಪಶ್ಚಿಮದ ಕಡೆಗೆ ತಿರುಗಿ ಸರ್ಕಾರಿ ಹಳ್ಳಕ್ಕೆ. ಅದಕ್ಕೆ ನಮ್ಮ ಮೂಲೆಯಲ್ಲಿ ಮೂರು ಅಡಿ ಅಗಲ ಜಾಗ ನಾನು ಬಿಡಬೇಕು. ಹಳ್ಳಕ್ಕೆ ಬೀಳುವ ಮೊದಲು ಆರು ಅಡಿ ಉದ್ದಗಲದ ಒಂದು ಗುಂಡಿ, ಮಣ್ಣು ಅಲ್ಲಿ ಕೂರಲಿ ಅಂತ. ಅಗಳದ ಖರ್ಚು ಅವರದ್ದು. ಪ್ರತಿ ವರ್ಷ ಮೃಗಶಿರಕ್ಕೆ ಮೊದಲು ಹೂಳು ತೆಗೆಯುವ ಕೂಲಿ ಇಬ್ಬರದ್ದೂ.

ಆಮೇಲೆ ಎರಡು ಮಳೆಗಾಲ ಹೋಯಿತು. ಧರೆಗೆ ಲಾವಂಚ ನೆಟ್ಟಿದ್ದೇನೆ, ಹಿಡಿದುಕೊಂಡಿದೆ. ಬಾವಿ ತಿಳಿಯಾಗಿದೆ. ಹೊಸದಾಗಿ ಇಟ್ಟ 11 ಸಸಿಯಲ್ಲಿ ಎರಡು ಸತ್ತವು, ಅದಕ್ಕೆ ನೀರು ಕಾರಣ ಅಲ್ಲ, ಕಾಡುಹಂದಿ. ಗುಂಡಿಯಲ್ಲಿ ವರ್ಷಕ್ಕೆ ಒಂದು ಟ್ರ್ಯಾಕ್ಟರ್ ಲೋಡು ಒಳ್ಳೆ ಮಣ್ಣು ಕೂರುತ್ತದೆ. ಅಡಿಕೆ ಬುಡಕ್ಕೆ ಹೇಳಿ ಮಾಡಿಸಿದ್ದು. ಅದು ಯಾರಿಗೆ ಸೇರಬೇಕು ಅಂತ ಒಪ್ಪಂದದಲ್ಲಿ ಬರೆಯುವುದು ಮರೆತು ಹೋಗಿದೆ. ಮಣ್ಣು ಅವರ ಗುಡ್ಡದ್ದು, ಗುಂಡಿ ಇರುವುದು ನಮ್ಮ ಜಾಗದಲ್ಲಿ. ಹೋದ ವರ್ಷ ಅವರು ಒಯ್ದರು. ಈ ವರ್ಷ ನಾನು ಬೇಗ ಟ್ರ್ಯಾಕ್ಟರಿಗೆ ಹೇಳಿಟ್ಟಿದ್ದೇನೆ.