ನೆಲದ ಮೇಲೆ ಬರೆಯಲು ದಪ್ಪ ಸೀಮೆಸುಣ್ಣ

ಸಿಮೆಂಟ್ ನೆಲದ ಮೇಲೆ ಬರೆಯುವ ಸೀಮೆಸುಣ್ಣ ದಪ್ಪಗಿರಬೇಕು. ಕರಿಹಲಗೆಯ ತೆಳು ಕಡ್ಡಿ ನಾಲ್ಕು ಗೆರೆ ಎಳೆಯುವಷ್ಟರಲ್ಲಿ ಮುರಿದುಹೋಗುತ್ತದೆ, ಅಲ್ವಾ? ದಪ್ಪನೆಯದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು. ಪ್ಲಾಸ್ಟರ್ ಆಫ್ ಪ್ಯಾರಿಸ್ ಪುಡಿ, ನೀರು, ಪೋಸ್ಟರ್ ಕಲರ್ ಇದ್ದರೆ ಸಾಕು. ಅಕ್ರಿಲಿಕ್ ಬಣ್ಣ ಬೇಡ. ಅದು ಒಣಗಿದ ಮೇಲೆ ಗಟ್ಟಿ ಅಂಟಿಕೊಳ್ಳುತ್ತದೆ, ನೆಲಕ್ಕೆ ಉಜ್ಜಿದರೆ ಬಣ್ಣ ಸರಿಯಾಗಿ ಬಿಡುವುದಿಲ್ಲ.

ಕಲಸುವ ಮೊದಲೇ ಅಚ್ಚು ಸಿದ್ಧವಿರಲಿ, ಆಮೇಲೆ ಹುಡುಕಲು ಸಮಯ ಸಿಗುವುದಿಲ್ಲ. ಟಿಶ್ಯೂ ರೋಲಿನ ಒಳಗಿನ ರಟ್ಟಿನ ಕೊಳವೆ ಸಾಕು. ಒಂದು ತುದಿಗೆ ಟೇಪ್ ಅಂಟಿಸಿ ಮುಚ್ಚಿ, ಒಳಗೆ ಬಟರ್ ಪೇಪರ್ ಸುತ್ತಿಡಿ.

ಬಳಸಿ ಬಿಸಾಡುವಂಥ ಲೋಟದಲ್ಲಿ ಅರ್ಧ ಕಪ್ ನೀರಿಗೆ ಒಂದೆರಡು ಚಮಚ ಬಣ್ಣ ಬೆರೆಸಿ. ಅದಕ್ಕೆ ಒಂದು ಕಪ್ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸಿ. ನೀರಿಗೆ ಪುಡಿ ಹಾಕಬೇಕು, ಪುಡಿಗೆ ನೀರು ಸುರಿದರೆ ಗಂಟಾಗುತ್ತದೆ. ಕಡ್ಡಿಯಿಂದ ನಿಧಾನವಾಗಿ ಕಲಸಿ. ಸುಮ್ನೆ ಜಾಸ್ತಿ ತಿರುವುತ್ತಾ ಕೂತರೆ ಬೇಗ ಗಟ್ಟಿಯಾಗುತ್ತದೆ. ನೀರು ಹೆಚ್ಚಾದರೆ ಸೀಮೆಸುಣ್ಣ ಪುಡಿಪುಡಿಯಾಗುತ್ತದೆ, ತೀರಾ ಕಮ್ಮಿಯಾದರೆ ಕಲ್ಲಿನಂತಾಗಿ ನೆಲವನ್ನು ಗೀರುತ್ತದೆ. ಅಚ್ಚಿಗೆ ಸುರಿದು ಪಕ್ಕದಲ್ಲಿ ಬೆರಳಿನಿಂದ ತಟ್ಟಿ. ಗುಳ್ಳೆಗಳು ಒಂದೊಂದಾಗಿ ಮೇಲೆ ಬಂದು ಒಡೆಯುತ್ತವೆ. ಒಳಗೆ ಉಳಿದ ಗುಳ್ಳೆಯ ಜಾಗದಲ್ಲೇ ಮುಂದೆ ಮುರಿಯುವುದು.

ಸ್ವಲ್ಪ ಹೊತ್ತಿಗೆ ಕೊಳವೆ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಜಿಪ್ಸಮ್ ಎಂಬ ಖನಿಜವನ್ನು ಸುಮಾರು 150 ಡಿಗ್ರಿಯಲ್ಲಿ ಕಾಯಿಸಿ ನೀರಿನಂಶ ತೆಗೆದ ಪುಡಿ ಇದು. ಮತ್ತೆ ನೀರು ಹೀರಿಕೊಂಡು ಗಟ್ಟಿಯಾಗುವಾಗ ಶಾಖ ಬಿಡುತ್ತದೆ. ಅದಕ್ಕೇ ನಾನು ಒತ್ತಿ ಹೇಳುವುದು, ಮಕ್ಕಳು ಈ ಮಿಶ್ರಣದೊಳಗೆ ಕೈ ಅದ್ದಬಾರದು. ಕೈ ಒಳಗೇ ಸಿಕ್ಕಿಕೊಂಡರೆ ಚರ್ಮ ಬೆಂದುಹೋಗುವಷ್ಟು ಬಿಸಿಯಾಗುತ್ತದೆ. ಪುಡಿ ಮೂಗಿಗೂ ಒಳ್ಳೆಯದಲ್ಲ. ಅಳೆದು ಕಲಸುವುದನ್ನು ದೊಡ್ಡವರು ಮಾಸ್ಕ್ ಹಾಕಿಕೊಂಡು ಮಾಡಲಿ. ಬಣ್ಣ ಆರಿಸುವುದು, ಅಚ್ಚು ತಟ್ಟುವುದು ಮಕ್ಕಳಿಗಿರಲಿ.

ಒಂದು ಗಂಟೆಯಲ್ಲಿ ಗಟ್ಟಿಯಾದಂತೆ ಕಂಡರೂ ಒಳಗೆ ಇನ್ನೂ ಹಸಿ ಇರುತ್ತದೆ. ಮರುದಿನ ರಟ್ಟು ಸುಲಿದು, ಗಾಳಿಯಾಡುವ ಕಡೆ ಎರಡು ಮೂರು ದಿನ ಒಣಗಿಸಿ. ಕೈಗೆ ತಣ್ಣಗೆ ತಾಕಿದರೆ ಇನ್ನೂ ಒಣಗಿಲ್ಲ ಎಂದೇ ಅರ್ಥ.

ಲೋಟದಲ್ಲಿ ಉಳಿದದ್ದನ್ನು ಸಿಂಕಿಗೆ ಮಾತ್ರ ಸುರಿಯಬೇಡಿ. ಪೈಪಿನೊಳಗೇ ಕಲ್ಲಾಗಿ ಕೂರುತ್ತದೆ. ಅಲ್ಲೇ ಗಟ್ಟಿಯಾಗಲು ಬಿಟ್ಟು, ಲೋಟದ ಸಮೇತ ಒಣಕಸಕ್ಕೆ ಹಾಕಿ.